ದುಡ್ಡು ಕೊಟ್ಟ ಎರಡು ದಿನ, ಪುಕ್ಕಟೆ ಸಿಕ್ಕಿದ ಒಂದು ವರ್ಷ: ಫೊರೆನ್ಸಿಕ್ ಲ್ಯಾಬ್ ನಡೆಸುವವರ ತರಬೇತಿ ಹೇಗುಂಟು?

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ನನಗೆ ವಿಭಾಗದ ಚಾರ್ಜ್ ಕೊಟ್ಟರು. ಮಂಗಳೂರಿನಲ್ಲಿ ವಿಷ ಪರೀಕ್ಷೆ ಮಾಡುವ ಲ್ಯಾಬ್ ನಮ್ಮದು. 14 ವರ್ಷದಿಂದ ಇದೇ ಕೆಲಸ. ವಿಸೆರಾ (ಶವದಿಂದ ತೆಗೆದ ಒಳ ಅಂಗಗಳ ತುಂಡು) ಬಾಟ್ಲಿ ಬಿಚ್ಚುವುದು, ಅದರಿಂದ ವಿಷ ಬೇರ್ಪಡಿಸುವ ಎಕ್ಸ್‌ಟ್ರಾಕ್ಷನ್ ಮಾಡುವುದು, ಟಿಎಲ್‌ಸಿ ಪ್ಲೇಟ್ ಹಾಕುವುದು, ವಿಷ ಗುರುತಿಸುವ ಜಿಸಿ-ಎಂಎಸ್ ಮೆಷಿನ್ ಓಡಿಸುವುದು, ವರದಿ ಬರೆಯುವುದು, ಸಮನ್ಸ್ ಬಂದರೆ ಕೋರ್ಟಿಗೆ ಹೋಗಿ ಸಾಕ್ಷಿ ಹೇಳುವುದು, ಇದೆಲ್ಲ ಕೈಗೆ ಹತ್ತಿದ ಕೆಲಸ. ಚಾರ್ಜ್ ಬಂದ ಮರುದಿನ ಬೆಳಿಗ್ಗೆ ನೋಡಿದರೆ ಟೇಬಲ್ ಮೇಲೆ ಇಬ್ಬರ ರಜೆ ಅರ್ಜಿ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮುಗಿದ ಮೆಷಿನಿನ ಕಡತ, ಬಾಕಿ ಪ್ರಕರಣಗಳ ಉದ್ದ ಪಟ್ಟಿ. ಜೊತೆಗೆ ಫೋನಿನಲ್ಲಿ ಒಬ್ಬರು ಇನ್‌ಸ್ಪೆಕ್ಟರ್, "ಮೇಡಂ, ನಮ್ಮ ವರದಿ ಯಾವಾಗ ಕೊಡ್ತೀರಿ?" ಅಂತ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಂಎಸ್ಸಿಯಲ್ಲೂ ಇರಲಿಲ್ಲ, ಸೇವೆಗೆ ಸೇರಿದ ಮೇಲೆ ಕೊಟ್ಟ ಟ್ರೈನಿಂಗ್‌ನಲ್ಲೂ ಇರಲಿಲ್ಲ.

ಅಲ್ಲಿಂದ ಈವರೆಗೆ ಲ್ಯಾಬ್ ನಡೆಸುವುದನ್ನು ಕಲಿಸುತ್ತೇವೆ ಅನ್ನುವ ತರಬೇತಿಗಳನ್ನು ಹುಡುಕಿ ಹುಡುಕಿ ಮಾಡಿದೆ. ಒಂದಕ್ಕೆ ದುಡ್ಡು ಕೊಟ್ಟೆ, ಉಳಿದದ್ದು ಪುಕ್ಕಟೆ. ನನ್ನ ಹಾಗೆ ಬೆಂಚಿನಿಂದ ಎದ್ದು ಕುರ್ಚಿಗೆ ಬಂದವರು ನಮ್ಮ ಕರಾವಳಿಯಲ್ಲೂ ಇದ್ದೀರಿ, ಬೇರೆ ಕಡೆಯೂ ಇದ್ದೀರಿ. ನಿಮಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕೊಟ್ಟದ್ದರ ಕಥೆ. ಹೆಸರು ಹಾಕುವುದಿಲ್ಲ. ನಗರದ ಒಂದು ಹೋಟೆಲಿನಲ್ಲಿ ಎರಡು ದಿನ, ಲ್ಯಾಬ್ ಮುಖ್ಯಸ್ಥರಿಗೆ ನಾಯಕತ್ವ ತರಬೇತಿ ಅಂತ ಬ್ರೋಷರ್. ಸ್ವಂತ ಕಿಸೆಯಿಂದ 16,500 ರೂಪಾಯಿ ಕಟ್ಟಿದೆ. ಕುತ್ತಿಗೆಗೆ ಟ್ಯಾಗ್, ಕೈಗೆ ಬ್ಯಾಗ್, ಮಧ್ಯಾಹ್ನ ಒಳ್ಳೆಯ ಊಟ. ಕಲಿಸಲು ಬಂದವರು ಯಾವ ಲ್ಯಾಬಿನ ಒಳಗೂ ಕೆಲಸ ಮಾಡಿದವರಲ್ಲ. ಪೇಪರ್ ಕಪ್ಪುಗಳನ್ನು ಒಂದರ ಮೇಲೆ ಒಂದು ಇಟ್ಟು ಗೋಪುರ ಕಟ್ಟಿಸಿದರು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರು. ಮೊದಲ ದಿನ ಸಂಜೆ ನಾನು ಎದ್ದು ನಿಂತು ಕೇಳಿದೆ: "ಸರ್, ವರದಿ ಕೋರ್ಟಿಗೆ ಹೋದ ಮೇಲೆ ಅದರಲ್ಲಿ ತಪ್ಪು ಉಂಟು ಅಂತ ಗೊತ್ತಾದರೆ, ಮುಖ್ಯಸ್ಥರಾದವರು ಮೊದಲು ಏನು ಮಾಡಬೇಕು?" ಅವರು ನಗುತ್ತಾ ಹೇಳಿದರು, "ಅಂಥದ್ದು ಆಗದ ಹಾಗೆ ಟೀಮನ್ನು ಮೋಟಿವೇಟ್ ಮಾಡಬೇಕು ಮೇಡಂ."

ಆ ಉತ್ತರ ನನಗೆ ಸಾಕಾಗಲಿಲ್ಲ. ಯಾರಿಗಾದರೂ ಸಾಕಾಗುತ್ತದಾ? ನಮ್ಮ ಒಂದು ಸಾಲಿನ ಮೇಲೆ ಒಬ್ಬ ಜೈಲಿಗೆ ಹೋಗಬಹುದು, ಇನ್ನೊಬ್ಬ ತಪ್ಪಿಸಿಕೊಳ್ಳಬಹುದು. ಮುಂದೆ ಯಾವ ತರಬೇತಿಗೆ ಸೇರಿದರೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಇದಕ್ಕೆ ಉತ್ತರ ಕೊಟ್ಟರೆ ಒಳ್ಳೆಯ ತರಬೇತಿ, ಇಲ್ಲದಿದ್ದರೆ ಇಲ್ಲ.

ಪುಕ್ಕಟೆಯದ್ದನ್ನು ತೋರಿಸಿದ್ದು ಬೆಂಗಳೂರಿನಲ್ಲಿರುವ ನನ್ನ ಹಳೆಯ ಸಹಪಾಠಿ. ಅಮೆರಿಕದಲ್ಲಿ ಫೊರೆನ್ಸಿಕ್ ಟೆಕ್ನಾಲಜಿ ಸೆಂಟರ್ ಆಫ್ ಎಕ್ಸಲೆನ್ಸ್ ಅಂತ ಒಂದು ಕಾರ್ಯಕ್ರಮ ಉಂಟು. ಅಲ್ಲಿನ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಎನ್‌ಐಜೆ ಹಣ ಕೊಟ್ಟದ್ದು, ಆರ್‌ಟಿಐ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ನಡೆಸಿದ್ದು. ಅವರ ವೆಬಿನಾರ್‌ಗಳ ರೆಕಾರ್ಡಿಂಗ್ ರಾಶಿ ರಾಶಿ ಉಂಟು. ಡಿಎನ್‌ಎ, ಬೆರಳಚ್ಚು, ಡ್ರಗ್ಸ್, ಟಾಕ್ಸಿಕಾಲಜಿ ಮಾತ್ರ ಅಲ್ಲ, ಬಾಕಿ ಪ್ರಕರಣ ಕಡಿಮೆ ಮಾಡುವುದು, ಸಿಬ್ಬಂದಿ ಉಳಿಸಿಕೊಳ್ಳುವುದು, ತಪ್ಪು ಸಿಕ್ಕಿದಾಗ ನಡೆದುಕೊಳ್ಳುವುದು, ಹೀಗೆ ಕುರ್ಚಿಯಲ್ಲಿ ಕೂತವರಿಗೆ ಬೇಕಾದ ವಿಷಯಗಳೂ ಇವೆ. ಲ್ಯಾಬ್ ಮುಖ್ಯಸ್ಥರದ್ದೇ ಒಂದು ಸಂಘವೂ ಅಲ್ಲಿ 1970ರ ದಶಕದಿಂದ ಇದೆ, ಎಎಸ್‌ಸಿಎಲ್‌ಡಿ ಅಂತ. ಎಲ್ಲಿ ಯಾವ ತರಬೇತಿ, ಯಾವ ಹೊಸ ಮಾನದಂಡ ಬಂತು, ಯಾವ ಲ್ಯಾಬಿನಲ್ಲಿ ಏನಾಯಿತು ಅನ್ನುವ ಸುದ್ದಿ ಅವರಿಂದ ಸಿಗುತ್ತದೆ. ನನಗೆ ಈ ಸುದ್ದಿಯೇ ಪಾಠದಷ್ಟು ಉಪಯೋಗಕ್ಕೆ ಬಂತು. ಏಕೆಂದರೆ ಅಲ್ಲಿ ತಪ್ಪುಗಳನ್ನು ಬಾಯಿ ಬಿಟ್ಟು ಹೇಳುತ್ತಾರೆ.

ಒಂದು ಮಾತು ಮೊದಲೇ ಹೇಳುತ್ತೇನೆ, ನೇರ ಪ್ರಸಾರ ನೋಡುವುದು ಕಷ್ಟ. ಅಲ್ಲಿನ ಪೂರ್ವ ಕರಾವಳಿಯ ಸಮಯ ಮಧ್ಯಾಹ್ನ ಒಂದು ಗಂಟೆಗೆ ಶುರುವಾದರೆ ನಮಗೆ ರಾತ್ರಿ 10:30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ 11:30. ಜುಲೈ ರಾತ್ರಿ ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಕರೆಂಟ್ ಹೋಗಿ ಇನ್ವರ್ಟರ್ ಬೀಪ್ ಬೀಪ್ ಅನ್ನುತ್ತದೆ, ಒಳಗಿನಿಂದ ಅಮ್ಮ "ಇನ್ನೂ ಮಲಗಲಿಲ್ವಾ ಮಾರಾಯ್ತಿ" ಅಂತ ಕೇಳುತ್ತಾರೆ. ಎರಡು ಸಲ ಹಾಗೆ ಕೂತೆ, ಮೂರನೇ ಸಲದಿಂದ ರೆಕಾರ್ಡಿಂಗ್ ಮಾತ್ರ. ಆ ಸೆಂಟರಿನದ್ದೇ ಪಾಡ್‌ಕಾಸ್ಟ್ ಒಂದು ಉಂಟು, ಜಸ್ಟ್ ಸೈನ್ಸ್ ಅಂತ. ಅದನ್ನು ನಂತೂರು ಸರ್ಕಲ್‌ನಲ್ಲಿ ಸಿಕ್ಕಿಬಿದ್ದಾಗ ಕೇಳುತ್ತೇನೆ. ಸಂಜೆ ಹೊತ್ತಿಗೆ ಒಂದು ಕಂತು ಅರ್ಧ ಅಲ್ಲೇ ಮುಗಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಲ್ಯಾಬ್ ಮುಖ್ಯಸ್ಥರ ಪಾಠಗಳಲ್ಲಿ ಕೆಲವು ಹಳೆಯ ಪ್ರಕರಣಗಳ ಮಾತು ಬಾರದೇ ಇರುವುದಿಲ್ಲ. ಬಾಸ್ಟನ್ನಿನ ಸರಕಾರಿ ಡ್ರಗ್ಸ್ ಲ್ಯಾಬಿನ ಕೆಮಿಸ್ಟ್ ಆನಿ ಡೂಕನ್ ಪ್ರಕರಣ ಅದರಲ್ಲಿ ಒಂದು. ಪರೀಕ್ಷೆ ಮಾಡದೆಯೇ ಸ್ಯಾಂಪಲ್‌ಗಳಿಗೆ ಪಾಸಿಟಿವ್ ಅಂತ ಬರೆದರು, ಕಾಗದ ತಿದ್ದಿದರು. 2012ರಲ್ಲಿ ಹೊರಗೆ ಬಂತು, ಲ್ಯಾಬನ್ನೇ ಮುಚ್ಚಿದರು. ಮರುವರ್ಷ ಅವರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. 2017ರಲ್ಲಿ 21 ಸಾವಿರಕ್ಕೂ ಜಾಸ್ತಿ ಡ್ರಗ್ಸ್ ಕೇಸುಗಳನ್ನು ಒಟ್ಟಿಗೆ ವಜಾ ಮಾಡಬೇಕಾಯಿತು. ಇಷ್ಟು ಪೇಪರಿನಲ್ಲಿ ಓದಿದವರಿಗೂ ಗೊತ್ತು. ಆದರೆ ಮುಖ್ಯಸ್ಥರಾಗಿ ಕೇಳುವಾಗ ಚುಚ್ಚುವ ಸಂಗತಿ ಬೇರೆ. ಆ ಕೆಮಿಸ್ಟ್ ಜೊತೆಗಿದ್ದವರಿಗಿಂತ ಎಷ್ಟೋ ಪಾಲು ಜಾಸ್ತಿ ಸ್ಯಾಂಪಲ್ ಮುಗಿಸುತ್ತಿದ್ದರು. ಅದು ಎಚ್ಚರಿಕೆಯ ಗಂಟೆ ಆಗಬೇಕಿತ್ತು. ವರ್ಷಗಟ್ಟಲೆ ಅದನ್ನು ಒಳ್ಳೆಯ ಕೆಲಸ ಅಂತ ತಿಳಿದರು.

ನಾನು ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನೂ ತಿಂಗಳ ಕೊನೆಗೆ ಪಟ್ಟಿ ತೆಗೆದು, ಯಾರು ಜಾಸ್ತಿ ಪ್ರಕರಣ ಮುಗಿಸಿದರೋ ಅವರಿಗೆ ಎಲ್ಲರ ಎದುರು ಶಾಭಾಸ್ ಹೇಳುತ್ತಿದ್ದೆ. ನನ್ನ ಹುಡುಗರು ಅಂಥವರಲ್ಲ ಅಂತ ನಂಬುತ್ತೇನೆ. ಅಲ್ಲಿನವರೂ ಹಾಗೇ ನಂಬಿದ್ದರು, ಅಲ್ವಾ? ಈಗ ಪಟ್ಟಿ ತೆಗೆದ ಮೇಲೆ ಪ್ರತಿಯೊಬ್ಬರ ಒಂದು ಪ್ರಕರಣವನ್ನು ಯಾವುದೋ ಒಂದು ಆರಿಸಿ, ವರ್ಕ್‌ಶೀಟು, ತೂಕದ ಪ್ರಿಂಟು, ಮೆಷಿನಿನ ಕಚ್ಚಾ ಡೇಟಾ ಎಲ್ಲ ಎದುರಿಟ್ಟು ಮೊದಲಿನಿಂದ ಕೊನೆತನಕ ಓದುತ್ತೇನೆ. ಜಾಸ್ತಿ ಮುಗಿಸಿದವರದ್ದು ಎರಡು.

ಇನ್ನೊಂದು ಮ್ಯಾಡ್ರಿಡ್ ಬಾಂಬ್ ಸ್ಫೋಟದ ಬೆರಳಚ್ಚು. 2004ರ ಮಾರ್ಚ್‌ನಲ್ಲಿ ಸ್ಫೋಟ. ಡಿಟೋನೇಟರ್ ಇದ್ದ ಚೀಲದ ಮೇಲಿನ ಬೆರಳಚ್ಚು ಬ್ರಾಂಡನ್ ಮೇಫೀಲ್ಡ್ ಎಂಬ ಅಮೆರಿಕದ ವಕೀಲರದ್ದು ಅಂತ ಎಫ್‌ಬಿಐ ಹೇಳಿತು. ಒಬ್ಬರಲ್ಲ, ಒಬ್ಬರ ನಂತರ ಒಬ್ಬರು ಅನುಭವಿ ತಜ್ಞರು ಹೌದು ಅಂದರು. ಅವರನ್ನು ಬಂಧಿಸಿದರು. ಕೊನೆಗೆ ಸ್ಪೇನ್ ಪೊಲೀಸರು ಅದು ಬೇರೆಯವನದ್ದು ಅಂತ ತೋರಿಸಿಕೊಟ್ಟರು, ಎಫ್‌ಬಿಐ ಕ್ಷಮೆ ಕೇಳಿತು. ಎರಡನೆಯವರಿಗೆ ಮೊದಲಿನವರ ಉತ್ತರ ಗೊತ್ತಿದ್ದರೆ ಅದು ಎರಡನೇ ಪರೀಕ್ಷೆ ಆಗುವುದಿಲ್ಲ, ಬರೀ ಸಹಿ ಆಗುತ್ತದೆ. ಮನಶ್ಶಾಸ್ತ್ರಜ್ಞ ಇಟಿಯಲ್ ಡ್ರೋರ್ 2006ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗವೂ ಇದೇ ಕಡೆ ಬೆರಳು ತೋರಿಸುತ್ತದೆ. ಐದು ಮಂದಿ ಬೆರಳಚ್ಚು ತಜ್ಞರಿಗೆ ಅವರೇ ಹಿಂದೆ ಹೊಂದಾಣಿಕೆ ಆಗುತ್ತದೆ ಅಂದಿದ್ದ ಅಚ್ಚುಗಳನ್ನು, ಇದು ಆ ಮ್ಯಾಡ್ರಿಡ್‌ನ ತಪ್ಪು ಅಚ್ಚು ಅಂತ ಹೇಳಿ ಮತ್ತೆ ಕೊಟ್ಟರು. ನಾಲ್ವರು ತಮ್ಮ ಮೊದಲಿನ ತೀರ್ಮಾನ ಬಿಟ್ಟರು. ಐದೇ ಮಂದಿ, ದೊಡ್ಡ ಲೆಕ್ಕ ಅಲ್ಲ, ಆದರೆ ಓದಿದವರು ಮರೆಯುವುದಿಲ್ಲ.

ವಿಷ ಪರೀಕ್ಷೆಗೆ ಇದು ಹೇಗೆ ಅನ್ವಯ ಆಗುತ್ತದೆ ಅಂತ ನಾನು ತುಂಬಾ ತಲೆ ಕೆಡಿಸಿಕೊಂಡೆ. ನಮಗೆ ಬರುವ ಪತ್ರದಲ್ಲೇ "ಇಲಿ ಪಾಷಾಣ ಸೇವಿಸಿರುವ ಶಂಕೆ" ಅಂತ ಬರೆದಿರುತ್ತದೆ. ಅದು ಬೇಕು ಕೂಡ. ಯಾವ ದಿಕ್ಕಿನಲ್ಲಿ ಹುಡುಕಬೇಕು ಅಂತ ಗೊತ್ತಿಲ್ಲದೆ ವಿಷ ಹುಡುಕಲು ಆಗುವುದಿಲ್ಲ, ಸ್ಯಾಂಪಲ್ ಖಾಲಿ ಆಗುತ್ತದೆ. ಇಲಿ ಪೇಸ್ಟಿನ ಹಳದಿ ರಂಜಕಕ್ಕೆ ಬೇರೆ ಪರೀಕ್ಷೆ, ತೋಟಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಕ್ಕೆ ಬೇರೆ. ಹಾಗಾಗಿ ಬೆರಳಚ್ಚಿನವರಿಗೆ ಹೇಳುವ ಹಾಗೆ ನಮಗೆ ಏನೂ ತೋರಿಸಬೇಡಿ ಅನ್ನುವುದು ಸರಿಹೋಗುವುದಿಲ್ಲ. ಪಾಠಗಳಲ್ಲಿ ಹೇಳುವುದು ಯಾವ ಮಾಹಿತಿಯನ್ನು ಯಾವಾಗ ತೆರೆಯಬೇಕು ಅನ್ನುವ ಕ್ರಮ. ನಾವು ಹೀಗೆ ಮಾಡಿಕೊಂಡೆವು: ಪರೀಕ್ಷೆ ಆರಿಸುವವರು ಪತ್ರ ಓದುತ್ತಾರೆ. ಕ್ರೊಮಾಟೋಗ್ರಾಮ್, ಅಂದರೆ ಮೆಷಿನ್ ಬರೆದುಕೊಡುವ ಗೆರೆಚಿತ್ರ, ಎರಡನೇ ಸಲ ಓದುವವರ ಕೈಗೆ ಪತ್ರವೂ ಇಲ್ಲ, ಮೊದಲಿನವರ ಉತ್ತರವೂ ಇಲ್ಲ, ಬರೀ ನಂಬರ್ ಹಾಕಿದ ಡೇಟಾ. ಅವರು ಅವರಷ್ಟಕ್ಕೆ ಬರೆದು ಕವರಿಗೆ ಹಾಕುತ್ತಾರೆ, ಆಮೇಲೆ ಎರಡನ್ನೂ ಒಟ್ಟಿಗೆ ತೆರೆಯುತ್ತೇವೆ. ಖರ್ಚು ಒಂದು ಕವರಿನದ್ದು.

ಅಮೆರಿಕದ ಹ್ಯೂಸ್ಟನ್ ನಗರದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ ಆಯಿತು. ಹೆಸರು ಕೆಟ್ಟಿದ್ದ ಪೊಲೀಸ್ ಲ್ಯಾಬನ್ನು ಪೊಲೀಸರ ಕೈಯಿಂದ ಬಿಡಿಸಿ, ಹ್ಯೂಸ್ಟನ್ ಫೊರೆನ್ಸಿಕ್ ಸೈನ್ಸ್ ಸೆಂಟರ್ ಅಂತ ಬೇರೆ ಸಂಸ್ಥೆ ಮಾಡಿದರು. 2015ರಿಂದ ಅಲ್ಲಿ ತಾವೇ ತಯಾರಿಸಿದ ನಕಲಿ ಪ್ರಕರಣಗಳನ್ನು ನಿಜವಾದವುಗಳ ನಡುವೆ ಸೇರಿಸುತ್ತಾರೆ, ಪರೀಕ್ಷಿಸುವವರಿಗೆ ಗೊತ್ತಿಲ್ಲದ ಹಾಗೆ. ನಮ್ಮಲ್ಲಿ ಪ್ರೊಫಿಶಿಯೆನ್ಸಿ ಟೆಸ್ಟ್ (ಲ್ಯಾಬಿನ ಸಾಮರ್ಥ್ಯ ನೋಡಲು ಹೊರಗಿನಿಂದ ಸ್ಯಾಂಪಲ್ ಕಳಿಸಿ ಮಾಡುವ ಪರೀಕ್ಷೆ) ಅಂದರೆ ಮೊದಲೇ ಗೊತ್ತಿರುತ್ತದೆ. ಪಾರ್ಸೆಲ್ ಬಂತು ಅಂದರೆ ಎಲ್ಲರೂ ಹುಷಾರು, ಹೊಸ ಸಾಲ್ವೆಂಟ್, ಹೊಸ ವಯಲ್. ಪರೀಕ್ಷೆ ಅಂತ ಗೊತ್ತಿರುವ ಮಕ್ಕಳು ಹೇಗೆ ಬರೆಯುತ್ತಾರೋ ಹಾಗೆ.

ಇದನ್ನು ನಾನು ಮಾಡಿ ನೋಡಿದೆ. ಮೇಲಿನವರ ಲಿಖಿತ ಅನುಮತಿ ತೆಗೆದುಕೊಂಡೆ, ಬೇರೆ ವಿಭಾಗದ ಒಬ್ಬರನ್ನು ಸೇರಿಸಿಕೊಂಡೆ, ನಮ್ಮ ವಿಭಾಗದಲ್ಲಿ ಯಾರಿಗೂ ಹೇಳಲಿಲ್ಲ. ಮಾರ್ಕೆಟ್‌ನಿಂದ ಆಡಿನ ಲಿವರ್ ತಂದು, ತುಂಡು ಮಾಡಿ, ತೂಕ ನೋಡಿ ಅಳತೆಯ ಕ್ಲೋರ್‌ಪೈರಿಫಾಸ್ ಕೀಟನಾಶಕ ಸೇರಿಸಿ, ಉಪ್ಪಿನ ಗಾಢ ದ್ರಾವಣದಲ್ಲಿ ಹಾಕಿದೆವು. ಆಸ್ಪತ್ರೆಯಿಂದ ಬರುವ ಬಾಟ್ಲಿಯ ಹಾಗೇ ಕಾಣಬೇಕು. ಮುಚ್ಚಳದ ಸುತ್ತ ಬಟ್ಟೆ, ನೂಲು, ಅರಗು, ಲೇಬಲ್. ಎರಡು ದಿನ ಬಿಟ್ಟರೆ ಮುಚ್ಚಳದ ಅಂಚಿನಲ್ಲಿ ಉಪ್ಪು ಬೆಳ್ಳಗೆ ಕಟ್ಟುತ್ತದಲ್ಲ, ಅದೂ ಕಟ್ಟಿತು. ಸ್ವೀಕೃತಿ ಕೌಂಟರಿನಿಂದ ಉಳಿದ ಬಾಟ್ಲಿಗಳ ಜೊತೆ ಒಳಗೆ ಬಂತು. ನಾನು ನನ್ನ ಕೋಣೆಯ ಗಾಜಿನ ಈಚೆ ಕೂತು ನೋಡುತ್ತಿದ್ದೆ, ಕೈ ಬೆವರುತ್ತಿತ್ತು.

ವಿಷ ಸರಿಯಾಗಿ ಸಿಕ್ಕಿತು. ಅದರಲ್ಲಿ ನನಗೆ ಸಂಶಯ ಇರಲಿಲ್ಲ. ಆದರೆ ವರ್ಕ್‌ಶೀಟಿನಲ್ಲಿ ಬಾಟ್ಲಿಯ ಸೀಲು ಪತ್ರದ ಜೊತೆ ಬರುವ ಮಾದರಿ ಸೀಲಿಗೆ ಹೊಂದುತ್ತದೆಯೇ ಅನ್ನುವ ಕಾಲಂ ಖಾಲಿ. ಬೇಕಂತಲೇ ನಾವು ಬೇರೆ ಸೀಲು ಒತ್ತಿದ್ದೆವು. ಅದನ್ನು ಯಾರೂ ನೋಡಿರಲಿಲ್ಲ. ಇದೇ ನಿಜವಾದ ಪ್ರಕರಣ ಆಗಿದ್ದರೆ ವಕೀಲರು ಪಾಟೀ ಸವಾಲಿನಲ್ಲಿ ಮೊದಲು ಹಿಡಿಯುತ್ತಿದ್ದದ್ದು ಅದನ್ನೇ. ಕೆಮಿಸ್ಟ್ರಿಯಲ್ಲಿ ಗೆದ್ದು ಅರಗಿನಲ್ಲಿ ಸೋಲುತ್ತಿದ್ದೆವು. ದುಡ್ಡು ಕೊಟ್ಟ ಎರಡು ದಿನದಲ್ಲಿ ಸಿಗದ ಪಾಠ ಈ ಒಂದು ಬಾಟ್ಲಿಯಲ್ಲಿ ಸಿಕ್ಕಿತು.

ಬಾಕಿ ಪ್ರಕರಣದ ವಿಷಯ. ಲೂಸಿಯಾನ ರಾಜ್ಯ ಪೊಲೀಸ್ ಲ್ಯಾಬಿನ ಡಿಎನ್‌ಎ ವಿಭಾಗ ಕೆಲಸದಲ್ಲಿ ಪೋಲು, ತಪ್ಪು ಕಡಿಮೆ ಮಾಡುವ ಲೀನ್ ಸಿಕ್ಸ್ ಸಿಗ್ಮಾ ಅನ್ನುವ ವಿಧಾನ ಹಿಡಿದು, ಒಂದು ಪರೀಕ್ಷೆಗೆ ಸರಾಸರಿ 291 ದಿನ ಹಿಡಿಯುತ್ತಿದ್ದದ್ದನ್ನು 31 ದಿನಕ್ಕೆ ಇಳಿಸಿತು. ಕೇಳಿದಾಗ ನಂಬಲಿಲ್ಲ. ಹೊಸ ಮೆಷಿನ್ ಬಂದಿರಬೇಕು, ಜನ ಜಾಸ್ತಿ ಆಗಿರಬೇಕು ಅಂದುಕೊಂಡೆ. ಅವರು ಮುಖ್ಯವಾಗಿ ಮಾಡಿದ್ದು, ಪ್ರಕರಣ ಎಲ್ಲಿ ಸುಮ್ಮನೆ ಕೂತಿರುತ್ತದೆ ಅಂತ ಹುಡುಕಿ ಕೆಲಸದ ಹರಿವನ್ನೇ ಬದಲಿಸಿದ್ದು. ನಾನು ಹತ್ತು ಕಡತಗಳ ಮೇಲೆ ಒಂದೊಂದು ಚೀಟಿ ಅಂಟಿಸಿ, ಕೈಗೆ ಬಂದ ತಾರೀಖು, ಕೈ ಬಿಟ್ಟ ತಾರೀಖು ಬರೆಯಿರಿ ಅಂತ ಎಲ್ಲರಿಗೂ ಹೇಳಿದೆ. ಬೆಂಚು, ಮೆಷಿನು ಎಲ್ಲ ಸೇರಿ ನಿಜವಾದ ಕೆಲಸ ಮೂರು ನಾಲ್ಕು ದಿನ. ಉಳಿದದ್ದೆಲ್ಲ ಕಾಯುವುದು. ಸೀಲು ಸರಿ ಇಲ್ಲ, ಪತ್ರದಲ್ಲಿ ಬಾಟ್ಲಿ ಸಂಖ್ಯೆ ತಪ್ಪಿದೆ ಅಂತ ಠಾಣೆಗೆ ಬರೆದ ಪತ್ರಕ್ಕೆ ಉತ್ತರ ಕಾಯುವುದು. ಹೋಲಿಸಿ ನೋಡಲು ಬೇಕಾದ ಶುದ್ಧ ವಿಷದ ಮಾದರಿಗೆ (ರೆಫರೆನ್ಸ್ ಸ್ಟ್ಯಾಂಡರ್ಡ್) ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಿ ಕಾಯುವುದು. ಮತ್ತೆ ಒಂದು ಕಡತ, ವರದಿ ಟೈಪ್ ಆಗಿ ಎಲ್ಲ ಮುಗಿದು, ನನ್ನ ಸಹಿಗೆ ನನ್ನ ಟೇಬಲ್ ಮೇಲೆಯೇ 9 ದಿನ ಕೂತಿತ್ತು. ಆ ಚೀಟಿ ನೋಡಿ ತುಂಬಾ ಬೇಜಾರಾಯಿತು. ಯಾರದ್ದೋ ಮನೆಯಲ್ಲಿ ಮಗ ಹೇಗೆ ಸತ್ತ ಅಂತ ಗೊತ್ತಾಗದೆ ಕಾಯುತ್ತಿರುತ್ತಾರೆ.

ಈಗ ದಿನಾ ಮೂರು ಗಂಟೆಗೆ ಸಹಿ, ಏನೇ ಇರಲಿ. ಕೌಂಟರಿನಲ್ಲಿ ಬಾಟ್ಲಿ ತಂದವರು ಎದುರಿಗಿರುವಾಗಲೇ ಸೀಲು, ಸಂಖ್ಯೆ, ಪತ್ರ ಮೂರೂ ತಾಳೆ ನೋಡುತ್ತೇವೆ. ಬೈಂದೂರಿನಿಂದ ಬಸ್ಸಿನಲ್ಲಿ ಚೀಲ ಮಡಿಲಲ್ಲಿ ಇಟ್ಟುಕೊಂಡು ಬಂದ ಕಾನ್‌ಸ್ಟೇಬಲ್‌ಗೆ ಹತ್ತು ನಿಮಿಷ ಜಾಸ್ತಿ ಕಾಯಿಸುತ್ತೇವೆ, ಆದರೆ ಎರಡನೇ ಸಲ ಬರುವುದು ತಪ್ಪುತ್ತದೆ. ಲೆಕ್ಕದಲ್ಲಿ ಇನ್ನೂ ಆಸಕ್ತಿ ಇದ್ದವರಿಗೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಫೋರ್‌ಸೈಟ್ ಉಂಟು. ಲ್ಯಾಬುಗಳು ತಮ್ಮ ಖರ್ಚು, ಪ್ರಕರಣ, ಸಮಯದ ಅಂಕಿಗಳನ್ನು ಕೊಟ್ಟು, ಬೇರೆಯವರ ಜೊತೆ ಹೋಲಿಸಿಕೊಳ್ಳುವ ವ್ಯವಸ್ಥೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂದರೆ, ಸಿಕ್ಕಿತು. ಅದು ನಮ್ಮ ಕಪಾಟಿನಲ್ಲೇ ಇತ್ತು. ಐಎಸ್‌ಒ 17025, ಪರೀಕ್ಷಾ ಲ್ಯಾಬುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ, 2017ರ ಆವೃತ್ತಿ. ನಮ್ಮಲ್ಲಿ ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್ ಮಾನ್ಯತೆ ಕೊಡುವುದು ಇದರ ಮೇಲೆಯೇ. 7.10ನೇ ಅಂಶ ಸರಿಯಿಲ್ಲದ ಕೆಲಸ ಕಂಡರೆ ಏನು ಮಾಡಬೇಕು ಅನ್ನುತ್ತದೆ: ಬೇಕಿದ್ದರೆ ಕೆಲಸ ನಿಲ್ಲಿಸಿ, ವರದಿ ತಡೆಹಿಡಿಯಿರಿ, ಹಿಂದಿನ ಫಲಿತಾಂಶಗಳಿಗೂ ಇದರ ಪೆಟ್ಟು ಬಿದ್ದಿದೆಯೇ ನೋಡಿ, ಅಗತ್ಯವಿದ್ದಲ್ಲಿ ವರದಿ ಪಡೆದವರಿಗೆ ತಿಳಿಸಿ, ಮತ್ತೆ ಶುರು ಮಾಡಲು ಯಾರು ಒಪ್ಪಿಗೆ ಕೊಡಬೇಕು ಅಂತ ಮೊದಲೇ ಗೊತ್ತಿರಲಿ. ತಿದ್ದಿದ ವರದಿ ಹೇಗೆ ಕೊಡಬೇಕು ಅಂತ 7.8.8ರಲ್ಲಿ, ಮತ್ತೆ ಹೀಗಾಗದ ಹಾಗೆ ಬೇರು ಹುಡುಕುವುದು 8.7ರಲ್ಲಿ. ಆಡಿಟ್ ಬರುವಾಗ ಧೂಳು ಕೊಡವುವ ಪುಸ್ತಕ ಅಂತ ತಿಳಿದಿದ್ದೆ. ತಪ್ಪು ಮಾಡಿದ ಲ್ಯಾಬುಗಳ ಮುಖ್ಯಸ್ಥರು ತಮ್ಮ ಕಥೆ ಹೇಳಿ, ಈ ಒಂದೊಂದು ಸಾಲು ತಮಗೆ ಯಾವ ರಾತ್ರಿ ಬೇಕಾಯಿತು ಅಂತ ವಿವರಿಸಿದಾಗ ಆ ಪುಸ್ತಕಕ್ಕೆ ಜೀವ ಬಂತು.

ಇನ್ನೊಂದು ವಿಷಯ ನಾನು ಹುಡುಕಿಕೊಂಡು ಹೋದದ್ದಲ್ಲ, ದಾರಿಯಲ್ಲಿ ಸಿಕ್ಕಿದ್ದು. ಲ್ಯಾಬಿನವರ ಮನಸ್ಸಿನ ಮೇಲೆ ಬೀಳುವ ಭಾರ. ಶವ ನೋಡುವುದು ಡಾಕ್ಟರ್, ಜಾಗ ನೋಡುವುದು ಪೊಲೀಸ್, ನಮ್ಮದು ಬಾಟ್ಲಿ ಅಲ್ವಾ ಅಂತ ಎಲ್ಲರೂ ತಿಳಿಯುತ್ತಾರೆ. ಒಂದು ದಿನ ಸಣ್ಣ ಮಗುವಿನ ವಿಸೆರಾ ಬಂತು. ಬಾಟ್ಲಿ ದೊಡ್ಡವರದ್ದೇ ಅಳತೆ, ಒಳಗೆ ಇದ್ದದ್ದು ಒಂದು ಮುಷ್ಟಿಯೂ ಇಲ್ಲ. ಅದನ್ನು ತೆಗೆದುಕೊಂಡ ಹುಡುಗಿ ಏನೂ ಮಾತಾಡದೆ ಎಲ್ಲ ಸರಿಯಾಗಿ ಮಾಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಮೊದಲಾಗಿದ್ದರೆ ನಾನು ಗಮನಿಸುತ್ತಲೂ ಇರಲಿಲ್ಲ. ಕೇಳುವುದು ಮುಖ್ಯಸ್ಥರ ಕೆಲಸ, ಅವರಾಗಿ ಬಂದು ಹೇಳುತ್ತಾರೆ ಅಂತ ಕಾಯಬೇಡಿ ಅಂತ ಹಿಂದಿನ ವಾರವಷ್ಟೇ ಕೇಳಿದ್ದೆ. ಹೊರಗೆ ಕರೆದುಕೊಂಡು ಹೋದೆ, ಕಾಂಪೌಂಡಿನ ಮಾವಿನ ಮರದ ಕೆಳಗೆ ನಿಂತೆವು. ಅವಳಿಗೆ ಅದೇ ಪ್ರಾಯದ ಅಣ್ಣನ ಮಗ ಉಂಟು. "ಮೇಡಂ, ನಾಳೆಯೂ ನಾನೇ ಮುಗಿಸುತ್ತೇನೆ, ಇವತ್ತು ಸ್ವಲ್ಪ ಬೇಗ ಹೋಗ್ಲಾ?" ಅಂದಳು. ಅಷ್ಟೇ ಬೇಕಿತ್ತು ಅವಳಿಗೆ.

ಕೊರತೆಗಳು ಇಲ್ಲ ಅಂತಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ವೇಗವಾಗಿ. ನಮ್ಮ ಅಟೆಂಡರ್‌ಗಳಿಗೆ, ಕೆಲವು ಟೆಕ್ನಿಷಿಯನ್‌ಗಳಿಗೆ ತೋರಿಸಿದರೆ ಪ್ರಯೋಜನ ಇಲ್ಲ, ನಾನೇ ಕನ್ನಡದಲ್ಲಿ, ಸ್ವಲ್ಪ ತುಳುವಿನಲ್ಲಿ ಬಿಡಿಸಿ ಹೇಳಬೇಕು. ಹಣಕಾಸಿನ ಪಾಠಗಳು ಅಲ್ಲಿನ ಫೆಡರಲ್ ಅನುದಾನದ ಸುತ್ತ. ನಮ್ಮ ಇಂಡೆಂಟ್, ಟೆಂಡರ್, ಎಎಂಸಿ ಲೋಕಕ್ಕೆ ಅದು ಹೊಂದುವುದಿಲ್ಲ, ಅಂಥವನ್ನು ಬಿಟ್ಟುಬಿಡಿ. ನಮ್ಮ ಹವೆಯ ಬಗ್ಗೆಯೂ ಅಲ್ಲಿ ಕೇಳಲು ಹೋಗಬೇಡಿ. ಜುಲೈಯಲ್ಲಿ ಬ್ಯಾಲೆನ್ಸ್ ಪಕ್ಕದ ನೀಲಿ ಸಿಲಿಕಾ ಜೆಲ್ ಬೆಳಿಗ್ಗೆ ಒಲೆಯಲ್ಲಿ ಒಣಗಿಸಿ ಇಟ್ಟರೆ ಮರುದಿನಕ್ಕೆ ಗುಲಾಬಿ. ಉಪ್ಪು ಗಾಳಿಗೆ ಸ್ಕ್ರೂ ತುಕ್ಕು. ಇದಕ್ಕೆ ಉಪಾಯ ಕೇಳಬೇಕಾದ್ದು ಕಾರವಾರದಿಂದ ಕಾಸರಗೋಡಿನ ತನಕ ಕೆಲಸ ಮಾಡುವವರ ಹತ್ತಿರ.

ನಮ್ಮ ದೇಶದಲ್ಲೇ ಏನುಂಟು ಅಂತ ಕೇಳಬಹುದು. ಇದೆ, ಹೆಚ್ಚುತ್ತಲೂ ಇದೆ. 2020ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಗಾಂಧಿನಗರದಲ್ಲಿ, ನಮ್ಮ ಧಾರವಾಡದಲ್ಲೂ ಅದರ ಕ್ಯಾಂಪಸ್ ಉಂಟು. ಇಲ್ಲಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ. ದೆಹಲಿಯಲ್ಲಿ 1972ರಲ್ಲಿ ಶುರುವಾದ ಅಪರಾಧಶಾಸ್ತ್ರ ಮತ್ತು ಫೊರೆನ್ಸಿಕ್ ವಿಜ್ಞಾನ ಸಂಸ್ಥೆ ಈಗ ಅದರದ್ದೇ ಭಾಗ, ಸೇವೆಯಲ್ಲಿರುವವರಿಗೆ ತರಬೇತಿ ಕೊಡುವುದು ಅದರ ಹಳೆಯ ಕೆಲಸ. ಪರೀಕ್ಷಾ ವಿಧಾನ ಕಲಿಯಲು ಮೊದಲು ಇಲ್ಲಿಗೇ ಹೋಗಿ. ನಮ್ಮ ಕಾನೂನು, ನಮ್ಮ ಕೋರ್ಟು ಗೊತ್ತಿರುವವರು ಕಲಿಸುತ್ತಾರೆ.

ಆದರೆ ಜನರನ್ನು ನಡೆಸುವುದು, ತಪ್ಪನ್ನು ಎದುರಿಸುವುದು, ಇದಕ್ಕೆ ನಮ್ಮವರೇ ನಮ್ಮ ಭಾಷೆಯಲ್ಲಿ ಪಾಠ ಮಾಡುವ ದಿನ ಬೇಗ ಬರಬೇಕು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಬದಲಿಗೆ ಹೊಸ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಜಾರಿಗೆ ಬಂದಿದೆ. ಅದರ 176(3) ಪ್ರಕಾರ 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಅಪರಾಧ ನಡೆದ ಜಾಗಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಜಾಗದಿಂದ ಸಂಗ್ರಹಿಸಿದ್ದೆಲ್ಲ ಕೊನೆಗೆ ಬರುವುದು ಲ್ಯಾಬಿಗೆ. ಕೇಂದ್ರ ಸರಕಾರ 2024ರ ಜೂನ್‌ನಲ್ಲಿ ಫೊರೆನ್ಸಿಕ್ ಸೌಕರ್ಯಕ್ಕೆ 2,254.43 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ, 2028-29ರ ತನಕ. ಕ್ಯಾಂಪಸ್ಸು, ಲ್ಯಾಬು ಬರುತ್ತವೆ, ಒಳ್ಳೆಯದು. ಅವುಗಳ ಒಳಗೆ ನಿನ್ನೆ ತನಕ ಬೆಂಚಿನಲ್ಲಿದ್ದ ಯಾರನ್ನೋ ಕುರ್ಚಿಗೆ ಕೂರಿಸುತ್ತಾರೆ. ಅವರ ಕೈಗೆ ಕೀಲಿಗೊಂಚಲಿನ ಜೊತೆ ಈ ಪಾಠವೂ ಸಿಗಲಿ ಅಂತ ನನ್ನ ಆಸೆ.

ಹಾಗಾದರೆ ಅಂಕ ಎಷ್ಟು? ಹೋಟೆಲಿನ ಎರಡು ದಿನಕ್ಕೆ ಐದರಲ್ಲಿ ಒಂದು, ಅದೂ ಅಲ್ಲಿ ಪರಿಚಯ ಆದ ಇಬ್ಬರು ಒಳ್ಳೆಯ ಸ್ನೇಹಿತೆಯರಿಗಾಗಿ. ಪುಕ್ಕಟೆ ವೆಬಿನಾರು, ಪಾಡ್‌ಕಾಸ್ಟು, ಸಂಘದ ಸುದ್ದಿ ಎಲ್ಲ ಸೇರಿಸಿ ಐದರಲ್ಲಿ ನಾಲ್ಕು. ಒಂದು ಕಡಿಮೆ ಮಾಡಿದ್ದು ನಮ್ಮ ಪರಿಸ್ಥಿತಿಗೆ ನಾವೇ ತಿರುಗಿಸಿಕೊಳ್ಳಬೇಕಾದ ಶ್ರಮಕ್ಕೆ. ಹೊಸಬರು ಎಲ್ಲವನ್ನೂ ಒಂದೇ ತಿಂಗಳಲ್ಲಿ ನೋಡಲು ಹೋಗಬೇಡಿ. ಒಂದು ನೋಡಿ, ಅದರಲ್ಲಿ ಒಂದನ್ನು ನಿಮ್ಮ ಲ್ಯಾಬಿನಲ್ಲಿ ಮಾಡಿ, ಆಮೇಲೆ ಇನ್ನೊಂದು. ನಾನು ಮೊದಲ ತಿಂಗಳು ಹನ್ನೊಂದು ನೋಡಿದೆ, ನೋಟ್‌ಬುಕ್ ತುಂಬಿತು, ಲ್ಯಾಬಿನಲ್ಲಿ ಏನೂ ಬದಲಾಗಲಿಲ್ಲ.

ಈಗ ನಮ್ಮಲ್ಲಿ ತಿಂಗಳಿಗೆ ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಕೂರುತ್ತೇವೆ. ಚಹಾ, ಗೋಳಿಬಜೆ. ರೆಕಾರ್ಡಿಂಗ್‌ನ ಇಪ್ಪತ್ತು ನಿಮಿಷ ತೋರಿಸಿ ಕನ್ನಡದಲ್ಲಿ ಹೇಳುತ್ತೇನೆ. ಆಮೇಲೆ ಯಾರಾದರೂ ಒಬ್ಬರು ಆ ತಿಂಗಳು ತಮ್ಮ ಕೈಯಿಂದ ಆದ ಒಂದು ತಪ್ಪು ಹೇಳಬೇಕು, ಯಾರೂ ಬಯ್ಯುವ ಹಾಗಿಲ್ಲ. ಮೊದಲ ಸಲ ಯಾರೂ ಬಾಯಿ ಬಿಡಲಿಲ್ಲ, ನಾನೇ ಆ 9 ದಿನದ ಕಡತದ ಬಗ್ಗೆ ಹೇಳಿದೆ. ಎರಡನೇ ಸಲವೂ ನಾನೇ. ಮೂರನೇ ಸಲ ಹಿಂದಿನ ಬೆಂಚಿನಿಂದ ನಮ್ಮ ಅಟೆಂಡರ್ ಎದ್ದು ನಿಂತರು, ನಿವೃತ್ತಿಗೆ ಎರಡು ವರ್ಷ ಇರುವ ಹಿರಿಯರು. "ಮೇಡಂ, ಫ್ರಿಜ್ಜಿನ ಟೆಂಪರೇಚರ್ ಪುಸ್ತಕದಲ್ಲಿ ನಾನು ಭಾನುವಾರದ್ದನ್ನು ಸೋಮವಾರ ಬಂದು ಬರೆಯುತ್ತೇನೆ. ಎಷ್ಟೋ ವರ್ಷದಿಂದ ಹಾಗೇ," ಅಂದರು. ಕೋಣೆ ಒಂದು ನಿಮಿಷ ಮೌನ ಆಯಿತು. ನಾನು ಥ್ಯಾಂಕ್ಸ್ ಹೇಳಿ, ಎದ್ದು ಹೋಗಿ ಅವರ ಲೋಟಕ್ಕೆ ಚಹಾ ಹಾಕಿದೆ. ಸೋಮವಾರ ತಾನಾಗಿ ತಾಪ ದಾಖಲಿಸುವ ಸಣ್ಣ ಯಂತ್ರಕ್ಕೆ ಇಂಡೆಂಟ್ ಹಾಕಿದ್ದೇವೆ.